ಹಳೇ ಹೈಬ್ರಿಡ್ ಗಾಡಿ ನೋಡಾಕ ಹೋದಾಗ

ಬೇಸಿಗೆಯ ಒಂದು ರಾತ್ರಿ ಎರಡು ಗಂಟೆಗೆ ಅವ್ವನಿಗೆ ಚಳಿಜ್ವರ ಬಂತು. ಹುಬ್ಬಳ್ಳಿಯಲ್ಲಿ ಕಿಮೋ ಮಾಡಿಸಿಕೊಂಡು ಬಂದು ಅದು ಆರನೇ ದಿನ. ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗುವುದನ್ನು ಕಾಯಬೇಡಿ, ಹೊರಟು ಬನ್ನಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ವೈನಿ ಥರ್ಮಾಮೀಟರ್ ನೋಡಿದರೆ 101.6.

ಬಾಡಿಗೆ ಗಾಡಿಯವರು ಮೂವರಿಗೆ ಫೋನ್ ಹಚ್ಚಿದೆವು. ಒಬ್ಬರೂ ಎತ್ತಲಿಲ್ಲ. ತಪ್ಪೇನಿಲ್ಲ, ಆ ಹೊತ್ತಿಗೆ ಯಾರು ಎದ್ದಿರುತ್ತಾರೆ. ಕಡೆಗೆ ಬಾಜೂ ಮನೆಯವರ ಸಣ್ಣ ಗೂಡ್ಸ್ ಗಾಡಿಯಲ್ಲಿ, ಬೆಳಗ್ಗೆ ಗದಗ ಎಪಿಎಂಸಿಗೆ ಹೋಗಬೇಕಿದ್ದ ಉಳ್ಳಾಗಡ್ಡಿ ಚೀಲದ ಮೇಲೆ ಕೌದಿ ಹಾಸಿ ಅವ್ವನನ್ನು ಮಲಗಿಸಿಕೊಂಡು ಹೊಂಬಳದಿಂದ ಗದಗಿಗೆ ಹೋದೆವು. ಅಣ್ಣ ದಾರಿಯುದ್ದಕ್ಕೂ ಅವ್ವನ ತಲೆ ಹಿಡಿದುಕೊಂಡು ಕುಂತಿದ್ದ. ಮರುದಿನ ಅವ್ವ ಹುಷಾರಾದಳು. ಆದರೆ ಅಣ್ಣ ಆಸ್ಪತ್ರೆಯ ಕಟ್ಟೆ ಮೇಲೆ ಕುಂತು ಒಂದೇ ಮಾತು ಅಂದ: "ಸಾಲ ಆದ್ರೂ ಆಗಲಿ, ಮನಿ ಮುಂದ ಒಂದು ಗಾಡಿ ನಿಲ್ಲಬೇಕು."

ಕಾಕಾ ಒಪ್ಪಲಿಲ್ಲ. ಕಾಕಾ ಲೆಕ್ಕದ ಮನುಷ್ಯ. "21 ದಿನಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಾಕ ಬಾಡಿಗಿ ಮೂರು ಸಾವಿರ. ವರ್ಷಕ್ಕ 17 ಸಲ ಅಂದ್ರ 51 ಸಾವಿರ. ಏಳು ಲಕ್ಷದ ಗಾಡಿ ತಂದ್ರ ಬಡ್ಡಿನ ಅದಕ್ಕಿಂತ ಜಾಸ್ತಿ ಆಗತೈತಿ" ಅಂದ. ಲೆಕ್ಕ ಸರಿಯಾಗೇ ಇತ್ತು. ಆದರೆ ರಾತ್ರಿ ಎರಡು ಗಂಟೆಯ ಲೆಕ್ಕ ಅದರಲ್ಲಿ ಇರಲಿಲ್ಲ.

ಹೀಗೆ ನಾವು ಹಳೇ ಗಾಡಿ ಹುಡುಕಲು ಹೊರಟೆವು. ಹೊಸದು ನಮ್ಮ ಕೈಗೆ ಎಟುಕುವುದಲ್ಲ. ಹೆಸರು ಮತ್ತು ಮೆಣಸಿನಕಾಯಿ ಮಾರಿ ಉಳಿಸಿದ್ದು, ಅಣ್ಣನ ಪಗಾರದಲ್ಲಿ ಉಳಿದದ್ದು ಎಲ್ಲ ಸೇರಿ ನಾಲ್ಕೂವರೆ ಲಕ್ಷ. ಉಳಿದದ್ದು ಸಾಲ.

ಹೈಬ್ರಿಡ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಫೋನಿನ ವಿಡಿಯೋದಿಂದ. ಲೀಟರಿಗೆ 28 ಕಿಲೋಮೀಟರ್ ಮೈಲೇಜ್, ಚಾರ್ಜ್ ಹಾಕುವ ಗೊಡವೆ ಇಲ್ಲ, ತಾನೇ ಓಡುತ್ತಾ ತಾನೇ ಚಾರ್ಜ್ ಆಗುತ್ತದೆ ಎಂದು ಒಬ್ಬ ಹೇಳುತ್ತಿದ್ದ. ಅಣ್ಣನ ಕಣ್ಣು ಅಲ್ಲೇ ನಿಂತವು. ನಮ್ಮೂರಲ್ಲಿ ಕರೆಂಟು ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಎಲ್ಲರಿಗೂ ಗೊತ್ತು. ಪೂರ್ತಿ ಬ್ಯಾಟರಿ ಗಾಡಿ ಬೇಡ, ಬರೀ ಪೆಟ್ರೋಲ್ ಗಾಡಿ ದುಬಾರಿ, ಇದು ನಡುವಿನದು, ನಮಗೆಂದೇ ಮಾಡಿದಂಗೈತಿ ಅಂದುಕೊಂಡೆವು.

ಮನೆಯಲ್ಲಿ ಪತ್ರಿಕೋದ್ಯಮ ಓದಿದವರಿದ್ದಾರೆ ಅನ್ನುವ ಕಾರಣಕ್ಕೆ ಓದಿ ತಿಳಿದುಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂತು. ಓದಿದ ಮೇಲೆ ಮೊದಲು ತಿಳಿದದ್ದೇನೆಂದರೆ, ಹೈಬ್ರಿಡ್ ಅನ್ನುವುದು ಒಂದು ಗಾಡಿಯಲ್ಲ, ಎರಡು ಜಾತಿ.

ಒಂದು ಸ್ಟ್ರಾಂಗ್ ಹೈಬ್ರಿಡ್. ಇದರಲ್ಲಿ ಎಂಜಿನ್ ಜೊತೆಗೆ ದೊಡ್ಡ ಮೋಟಾರು, ನೂರಾರು ವೋಲ್ಟಿನ ಬ್ಯಾಟರಿ ಇರುತ್ತದೆ. ನಿಧಾನಕ್ಕೆ ಹೋಗುವಾಗ ಎಂಜಿನ್ ಬಂದಾಗಿ, ಬರೀ ಬ್ಯಾಟರಿ ಮೇಲೆ ಗಾಡಿ ಓಡುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿ ಕರೆಂಟಾಗಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಜಪಾನಿನಲ್ಲಿ ಟೊಯೋಟಾ ಪ್ರಿಯಸ್ 1997ರಲ್ಲೇ ಇದನ್ನು ಮಾರುಕಟ್ಟೆಗೆ ತಂದಿತು. ನಮ್ಮ ದೇಶಕ್ಕೆ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್, 2010ರಲ್ಲಿ ಪ್ರಿಯಸ್ ಬಂದವು. 2013ರಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಿಸಲು ಶುರು ಮಾಡಿದರು. ಆದರೆ ಸಾಮಾನ್ಯ ಜನರ ಬಾಯಲ್ಲಿ ಈ ಹೆಸರು ಬಂದದ್ದು 2022ರಲ್ಲಿ, ಹೋಂಡಾ ಸಿಟಿ, ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನೋವಾ ಹೈಕ್ರಾಸ್ ಸಾಲಾಗಿ ಬಂದ ಮೇಲೆ. ವಿಡಿಯೋದಲ್ಲಿ ಹೇಳಿದ 28ರ ಮೈಲೇಜ್ ಇಂಥ ಗಾಡಿಯದು.

ಇನ್ನೊಂದು ಮೈಲ್ಡ್ ಹೈಬ್ರಿಡ್. ಮಾರುತಿಯ ಸಿಯಾಜ್, ಎರ್ಟಿಗಾಗಳ ಹಿಂದೆ 'ಎಸ್‌ಎಚ್‌ವಿಎಸ್' ಅಥವಾ 'ಸ್ಮಾರ್ಟ್ ಹೈಬ್ರಿಡ್' ಎಂಬ ಬರಹ ನೋಡಿರುತ್ತೀರಿ. ಅದು ಇದೇ. ಇದು ಬರೀ ಬ್ಯಾಟರಿ ಮೇಲೆ ಒಂದು ಮಾರೂ ಓಡುವುದಿಲ್ಲ. ಗಾಡಿ ನಿಂತಾಗ ಎಂಜಿನ್ ಬಂದ್ ಮಾಡುತ್ತದೆ, ಕ್ಲಚ್ ಒತ್ತಿದರೆ ಮತ್ತೆ ಚಾಲೂ ಮಾಡುತ್ತದೆ, ಎತ್ತುವಾಗ ಎಂಜಿನ್ನಿಗೆ ಸ್ವಲ್ಪ ಕೈ ಹಚ್ಚುತ್ತದೆ. ಅಷ್ಟೇ. ಉಳಿತಾಯವೂ ಸ್ವಲ್ಪ, ಕೆಟ್ಟರೆ ಖರ್ಚೂ ಸ್ವಲ್ಪ.

ಹಳೇ ಗಾಡಿ ಮಾರುವವರು ಎರಡಕ್ಕೂ 'ಹೈಬ್ರಿಡ್ ರೀ' ಎಂದೇ ಅನ್ನುತ್ತಾರೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ: ಎಂಜಿನ್ ಬಂದ್ ಇದ್ದಾಗ ಈ ಗಾಡಿ ಓಡತೈತೋ ಇಲ್ಲೋ?

ನಮಗೆ ಮೊದಲು ಸಿಕ್ಕದ್ದು ಓಡುವಂಥದ್ದೇ. ಹುಬ್ಬಳ್ಳಿಯ ಒಬ್ಬ ಡೀಲರ್ ಹತ್ತಿರ ಒಂದು ದೊಡ್ಡ ಹಳೇ ಸೆಡಾನ್ ಇತ್ತು. ಬೆಂಗಳೂರು ಪಾಸಿಂಗ್. ಹೊಸದಾಗಿದ್ದಾಗ ಸಾಹುಕಾರರಷ್ಟೇ ಕೊಳ್ಳುತ್ತಿದ್ದ ಗಾಡಿ, ಈಗ ಆರು ಲಕ್ಷದ ಇಪ್ಪತ್ತೈದು ಸಾವಿರ. ಒಳಗೆ ತೊಗಲಿನ ಸೀಟು, ಮುತ್ತಿನ ಬಿಳಿ ಬಣ್ಣ. ಗುಂಡಿ ಒತ್ತಿದರೆ ಸಪ್ಪಳವೇ ಇಲ್ಲ, ಪರದೆ ಮೇಲೆ 'ರೆಡಿ' ಅಂತ ಹಸಿರು ಅಕ್ಷರ. ಗಾಡಿ ಬೆಕ್ಕಿನ ಹಂಗ ಮುಂದಕ್ಕೆ ಸರಿಯಿತು. ಅಣ್ಣ ನಮ್ಮ ಕಡೆ ನೋಡಿ ನಕ್ಕ. ಅವ್ವನನ್ನು ಇದರಲ್ಲಿ ಮಲಗಿಸಿಕೊಂಡು ಹೋದರೆ ಕುಲುಕಾಟವೇ ಇರೋದಿಲ್ಲ ಎಂದು ನಮಗೂ ಅನಿಸಿತು.

"ಇನ್ನೂ ಇಬ್ಬರು ಕೇಳಾಕತ್ಯಾರ್ರಿ ಅಣ್ಣಾರ, ಇವತ್ತ ಅಡ್ವಾನ್ಸ್ ಹಾಕಿದ್ರ ನಿಮಗ ಹಿಡೀತೀನಿ" ಅಂದ ಡೀಲರ್.

ಅಲ್ಲೇ ನಿಂತು ಫೋನಿನಲ್ಲಿ ಇಪ್ಪತ್ತು ಸಾವಿರ ಹಾಕಿದೆವು. ರಸೀತಿ ಕೇಳಲಿಲ್ಲ, ಗಾಡಿ ಸರಿ ಇಲ್ಲದಿದ್ದರೆ ರೊಕ್ಕ ವಾಪಸ್ ಎಂದು ಬರೆಸಿಕೊಳ್ಳಲಿಲ್ಲ. ಊರವರಿಗೆಲ್ಲ ಕಾಗದ ನೋಡಿ ಸಹಿ ಮಾಡ್ರಿ ಅಂತ ಬರೆಯುವ ನಾವೇ ಹೀಗೆ ಮಾಡಿದೆವು.

ಊರಿಗೆ ಬಂದ ಮೇಲೆ ಬುದ್ಧಿ ಬಂತು. ಬೆಟಗೇರಿಯಲ್ಲಿ ನಮ್ಮ ಟ್ರ್ಯಾಕ್ಟರ್ ಕಾಲದಿಂದಲೂ ಗುರುತಿರುವ ಮಿಸ್ತ್ರಿ ಚಾಚಾ ಇದ್ದಾರೆ. ಗಾಡಿಯ ಸಪ್ಪಳ ಕೇಳಿಯೇ ರೋಗ ಹೇಳುವವರು. ಅವರನ್ನು ಕರೆದೊಯ್ಯೋಣ ಎಂದು ಹೋದರೆ ಚಾಚಾ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಬರ್ತೀನಿ, ಬಾಡಿ ನೋಡ್ತೀನಿ, ಟೈರ್ ನೋಡ್ತೀನಿ, ಸಸ್ಪೆನ್ಷನ್ ನೋಡ್ತೀನಿ. ಆದ್ರ ತಮ್ಮಾ, ಕಿತ್ತಳಿ ಬಣ್ಣದ ವಾಯರ್ ಕಂಡ್ರ ನಾ ಕೈ ಹಚ್ಚಂಗಿಲ್ಲ. ಅದಕ್ಕ ಕಂಪನಿಯವರ ಬೇಕು."

ಆ ಮಾತು ಎಷ್ಟು ದೊಡ್ಡದು ಎಂದು ನಮಗೆ ಆಮೇಲೆ ತಿಳಿಯಿತು. ಸ್ಟ್ರಾಂಗ್ ಹೈಬ್ರಿಡ್ ಗಾಡಿಗಳಲ್ಲಿ ಹೈ ವೋಲ್ಟೇಜ್ ಹರಿಯುವ ವಾಯರಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಹೈರೈಡರಿನ ಬ್ಯಾಟರಿಯೇ 177 ವೋಲ್ಟಿನ ಮೇಲೆ. ದೊಡ್ಡ ಗಾಡಿಗಳಲ್ಲಿ ಇನ್ನೂ ಜಾಸ್ತಿ. ಮಾಮೂಲಿ ಕಾರಿನ 12 ವೋಲ್ಟ್ ಬ್ಯಾಟರಿಯ ವಾಯರ್ ಮುಟ್ಟಿದಂತೆ ಇದನ್ನು ಮುಟ್ಟಿದರೆ ಜೀವಕ್ಕೇ ಕುತ್ತು. ಚಾವಿ ತೆಗೆದಿದ್ದರೂ ಬ್ಯಾಟರಿಯೊಳಗೆ ಕರೆಂಟು ಇದ್ದೇ ಇರುತ್ತದೆ. ಅದನ್ನು ಬಿಚ್ಚಲು ಕಲಿತವರು ಬೇಕು, ರಬ್ಬರ್ ಗ್ಲೌಸ್ ಬೇಕು, ಕ್ರಮ ಬೇಕು. 'ನನಗ ಬರಂಗಿಲ್ಲ' ಎಂದು ಹೇಳುವ ಮಿಸ್ತ್ರಿಯನ್ನು ನಂಬಿರಿ. 'ಏನಿಲ್ರಿ, ಬಿಚ್ಚಿ ನೋಡೂಣು' ಅನ್ನುವವನ ಹತ್ತಿರ ಹೈಬ್ರಿಡ್ ಗಾಡಿ ಒಯ್ಯಬೇಡಿ.

ಎರಡನೇ ಸಲ ಹುಬ್ಬಳ್ಳಿಗೆ ಹೋಗುವಾಗ ಚಾಚಾ ಜೊತೆ ಅಪ್ಪನೂ ಬಂದ. ಅಪ್ಪನಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಸುಮ್ಮನೆ ನೋಡಿಕೊಂಡು ಬರ್ತೀನಿ ಅಂದ. ನಾವೂ ಸುಮ್ಮನೆ ಕರೆದುಕೊಂಡು ಹೋದೆವು.

ಚಾಚಾ ಗಾಡಿಯ ಕೆಳಗೆ ಬಗ್ಗಿ ನೋಡುತ್ತಿದ್ದರು. ಅಪ್ಪ ಹಿಂದಿನ ಸೀಟಿನಲ್ಲಿ ಕುಂತು ಬೆಲ್ಟ್ ಹಾಕಿಕೊಳ್ಳಲು ಹೋದ. ರೂಢಿ ಇಲ್ಲದ ಕೈ, ಎಳೆದ ಎಳೆದ, ಬೆಲ್ಟ್ ಪೂರ್ತಿ ಹೊರಗೆ ಬಂತು. ಕೊನೆಯ ಒಂದು ಗೇಣು ಬೆಲ್ಟ್ ಬೇರೆ ಬಣ್ಣಕ್ಕಿತ್ತು. ಅಪ್ಪ ಅದನ್ನು ಬೆರಳಲ್ಲಿ ತಿಕ್ಕಿದ. ಒಣಗಿದ ಬೂದು ಪುಡಿ ಉದುರಿತು. ಅದನ್ನು ಅಂಗೈಯಲ್ಲಿಟ್ಟು ಉಗುಳು ಹಚ್ಚಿ ಉಜ್ಜಿದ, ಮೂಸಿ ನೋಡಿದ.

"ಇದು ರಸ್ತೆ ಧೂಳಲ್ಲ. ಹೊಲದ ಮಣ್ಣೂ ಅಲ್ಲ. ಕೆರಿ ಕೆಸರು" ಅಂದ.

ನಮ್ಮದು ಎರಿ ನೆಲ. ಮಣ್ಣನ್ನು ಬೆರಳಲ್ಲಿ ಓದುವುದನ್ನು ಅಪ್ಪನಿಗೆ ಯಾರೂ ಕಲಿಸಬೇಕಿಲ್ಲ. ಡೀಲರ್ ನಕ್ಕು, "ಅದೇನೋ ಹಳೇ ಹೊಲಸು ಬಿಡ್ರಿ ಯಜಮಾನ್ರ" ಅಂದ. ಆದರೆ ಚಾಚಾ ನಗಲಿಲ್ಲ. ಎದ್ದು ಬಂದು ಡಿಕ್ಕಿಯ ಹಾಸು ಎತ್ತಿಸಿದರು, ಸ್ಟೆಪ್ನಿ ಹೊರಗೆ ತೆಗೆಸಿದರು. ಅದರ ಕೆಳಗಿನ ಗುಳಿಯಲ್ಲಿ ಅದೇ ಬೂದು ಕೆಸರು ಮೂಲೆಯಲ್ಲಿ ಕಟ್ಟಿಕೊಂಡಿತ್ತು. ಸೀಟಿನ ಕೆಳಗಿನ ಬೋಲ್ಟುಗಳಿಗೆಲ್ಲ ಜಂಗು. ಮೇಲಿನದೆಲ್ಲ ಲಕಲಕ, ಕೆಳಗಿನದೆಲ್ಲ ಜಂಗು.

ಆಗ ನೆನಪಾಯಿತು. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ನೀರು ನುಗ್ಗಿ, ದೊಡ್ಡ ದೊಡ್ಡ ಕಾರುಗಳು ತೇಲಿದ್ದನ್ನು, ಕಂಪನಿ ಕೆಲಸದವರು ಟ್ರ್ಯಾಕ್ಟರ್ ಹತ್ತಿ ಹೋದದ್ದನ್ನು ಟೀವಿಯಲ್ಲಿ ನೋಡಿದ್ದೆವು. ಟ್ರ್ಯಾಕ್ಟರ್ ಮೇಲೆ ಲ್ಯಾಪ್‌ಟಾಪ್ ಬ್ಯಾಗಿನವರನ್ನು ನೋಡಿ ನಮ್ಮೂರಲ್ಲಿ ಜನ ನಕ್ಕಿದ್ದರು. ಆ ಮುಳುಗಿದ ಗಾಡಿಗಳು ಎಲ್ಲಿ ಹೋದವು ಎಂದು ಆಗ ಯಾರೂ ಕೇಳಿರಲಿಲ್ಲ. ಇಂಥ ಗಾಡಿಗಳಿಗೆ ಇನ್ಶೂರೆನ್ಸ್ ಕಂಪನಿ ಪೂರ್ತಿ ನಷ್ಟ ಎಂದು ರೊಕ್ಕ ಕೊಟ್ಟ ಮೇಲೆ, ಗಾಡಿ ಹರಾಜಿಗೆ ಹೋಗುತ್ತದೆ. ಹರಾಜಿನಲ್ಲಿ ಕೊಂಡವರು ತೊಳೆದು, ಒಣಗಿಸಿ, ಪಾಲಿಶ್ ಹೊಡೆದು ದೂರದ ಊರಿಗೆ ಮಾರುವುದುಂಟು. ನಮ್ಮ ಮುಂದೆ ನಿಂತಿದ್ದ ಗಾಡಿ ಅಲ್ಲಿಯದೇ ಎಂದು ಹೇಳಲು ನಮ್ಮ ಹತ್ತಿರ ಸಾಕ್ಷಿ ಇಲ್ಲ. ಎಲ್ಲೋ ಒಂದು ಕಡೆ ಸೀಟಿನ ಮಟ್ಟದವರೆಗೆ ನೀರಲ್ಲಿ ನಿಂತಿತ್ತು ಎಂಬುದಕ್ಕೆ ಮಾತ್ರ ಕೆಸರೇ ಸಾಕ್ಷಿ. ಅಂಥದ್ದಕ್ಕೆ ಬೆಂಗಳೂರೇ ಆಗಬೇಕಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಕೊಣ್ಣೂರಿಗೂ ಮಲಪ್ರಭೆ ನುಗ್ಗಿತ್ತು.

ಬರೀ ಪೆಟ್ರೋಲ್ ಗಾಡಿ ಮುಳುಗಿದ್ದರೆ ಎಂಜಿನ್ ಬಿಚ್ಚಿ ಸರಿ ಮಾಡಬಹುದು. ಹೈಬ್ರಿಡ್ ಹಾಗಲ್ಲ. ಆ ಹಳೇ ಸೆಡಾನಿನಲ್ಲಿ ದೊಡ್ಡ ಬ್ಯಾಟರಿ ಇದ್ದದ್ದು ಹಿಂದಿನ ಸೀಟಿನ ಬೆನ್ನಿಗೆ. ನೀರು ನಿಂತದ್ದೂ ಅದೇ ಮಟ್ಟಕ್ಕೆ. ಅಲ್ಲಿನ ತಂತಿ, ಕನೆಕ್ಟರುಗಳಿಗೆ ಜಂಗು ಹಿಡಿದರೆ ಇವತ್ತಲ್ಲ, ಆರು ತಿಂಗಳಿಗೆ, ವರ್ಷಕ್ಕೆ ಕೈ ಕೊಡುತ್ತದೆ. ಕಂಪನಿ ಬ್ಯಾಟರಿ ಹೊಸದು ಹಾಕಿಸಿದರೆ ಲಕ್ಷಗಳ ಮಾತು. ಈಗಿನ ಹೈರೈಡರ್, ಹೋಂಡಾ ಸಿಟಿಯಂಥವಕ್ಕೆ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷ 60 ಸಾವಿರ ಕಿಲೋಮೀಟರ್ ವಾರಂಟಿ ಇದೆ. ಹತ್ತು ವರ್ಷದ ಗಾಡಿಗೆ ಆ ಆಸರೆ ಮುಗಿದಿರುತ್ತದೆ. ದೊಡ್ಡ ಗಾಡಿ ಅಷ್ಟು ಅಗ್ಗಕ್ಕೆ ಯಾಕೆ ಸಿಗುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು.

ನಾವು ಒಂದೇ ಮಾತು ಕೇಳಿದೆವು: "ಗಾಡಿನ ಕಂಪನಿ ಸರ್ವಿಸ್ ಸೆಂಟರಿಗೆ ಒಯ್ದು ಬ್ಯಾಟರಿ ಚೆಕ್ ಮಾಡಿಸೂಣು, ಬಿಲ್ ನಾವ ಕೊಡ್ತೀವಿ." ಡೀಲರ್ ಒಪ್ಪಲಿಲ್ಲ. ಗಾಡಿ ಆಚೆ ಕಳಿಸಂಗಿಲ್ಲ ಅಂದ. ನಿಮ್ಮ ರೊಕ್ಕದಲ್ಲಿ ಪರೀಕ್ಷೆ ಮಾಡಿಸುತ್ತೇವೆ ಎಂದರೂ ಬೇಡ ಅನ್ನುವವನ ಗಾಡಿಯಲ್ಲಿ ಏನೋ ಇದೆ ಎಂದೇ ತಿಳಿಯಬೇಕು.

ಇಪ್ಪತ್ತು ಸಾವಿರದಲ್ಲಿ ಹತ್ತು ವಾಪಸ್ ಬಂತು. ಅದೂ ಹುಬ್ಬಳ್ಳಿಯಲ್ಲಿರುವ ಸೋದರಮಾವ ನಾಲ್ಕು ಸಲ ಹೋಗಿ ಕುಂತ ಮೇಲೆ. ಉಳಿದ ಹತ್ತು ಹೋದದ್ದೇ. ಬರುವಾಗ ಬಸ್ಸಿನಲ್ಲಿ ಅಣ್ಣ ಮಾತಾಡಲಿಲ್ಲ. ಅಣ್ಣಿಗೇರಿ ದಾಟಿದ ಮೇಲೆ ಅಪ್ಪ ಮೆಲ್ಲಗೆ ಅಂದ: "ಎತ್ತು ಕೊಳ್ಳಾಕ ಹೋದಾಗ ಹಲ್ಲು ನೋಡ್ತೀವಿ, ಗೊರಸು ನೋಡ್ತೀವಿ, ನಾಕ ಹೆಜ್ಜಿ ನಡಸ್ತೀವಿ. ಇದಕ್ಕ ಯಾಕ ಬಣ್ಣ ನೋಡಿ ರೊಕ್ಕ ಕೊಟ್ರಿ?"

ಇದಾದ ಮೇಲೆ ನಾವು ಕೂತು ಕಾಕಾನ ಜೊತೆ ಮತ್ತೆ ಲೆಕ್ಕ ಮಾಡಿದೆವು. ತಿಂಗಳಿಗೆ ನಮ್ಮ ಓಡಾಟ ಹೆಚ್ಚೆಂದರೆ 800 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿಯೋಣ. 15 ಮೈಲೇಜಿನ ಗಾಡಿಗೆ ಸುಮಾರು 5,300 ರೂಪಾಯಿ, 22 ಮೈಲೇಜಿನ ಸ್ಟ್ರಾಂಗ್ ಹೈಬ್ರಿಡ್‌ಗೆ ಸುಮಾರು 3,600. ತಿಂಗಳಿಗೆ ಉಳಿಯುವುದು 1,700, ವರ್ಷಕ್ಕೆ ಇಪ್ಪತ್ತು ಸಾವಿರ. ಹೈಬ್ರಿಡ್ ಎಂಬ ಕಾರಣಕ್ಕೆ ಎರಡು ಲಕ್ಷ ಜಾಸ್ತಿ ಕೊಟ್ಟರೆ ಅದು ವಾಪಸ್ ಬರಲು ಹತ್ತು ವರ್ಷ. ಇನ್ನೊಂದು ಮಾತು: ಸ್ಟ್ರಾಂಗ್ ಹೈಬ್ರಿಡ್‌ನ ಲಾಭ ಹೆಚ್ಚು ಕಾಣುವುದು ನಿಂತು ನಿಂತು ಹೋಗುವ ಪೇಟೆಯ ಟ್ರಾಫಿಕ್ಕಿನಲ್ಲಿ. ಗದಗ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಅಷ್ಟು ಫರಕು ಬೀಳುವುದಿಲ್ಲ. ದಿನಾ ನೂರು ಕಿಲೋಮೀಟರ್ ಓಡಿಸುವವರ ಲೆಕ್ಕ ಬೇರೆ. ನಮ್ಮದು ಅದಲ್ಲ.

ಕಡೆಗೆ ಸಿಕ್ಕದ್ದು ಗದಗಿನಲ್ಲೇ. ವರ್ಗಾವಣೆಯಾಗಿ ಹೋಗುತ್ತಿದ್ದ ಒಬ್ಬ ಮೇಷ್ಟ್ರ ಏಳು ಸೀಟಿನ ಗಾಡಿ, 2019ರದು, ಮೈಲ್ಡ್ ಹೈಬ್ರಿಡ್, ಪೆಟ್ರೋಲ್, ಕೆಎ 26 ಪಾಸಿಂಗ್. ಕೇಳಿದ್ದು ಎಂಟು ಲಕ್ಷದ ಹತ್ತು ಸಾವಿರ. ಈ ಸಲ ಅಡ್ವಾನ್ಸ್ ಕೊಡಲಿಲ್ಲ. ಮೊದಲು ಎತ್ತು ನೋಡುವ ಹಂಗ ನೋಡಿದೆವು.

ಬೆಳಗ್ಗೆ ಆರಕ್ಕೇ ಹೋದೆವು, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ಸಪ್ಪಳ ಕೇಳಬೇಕೆಂದು. ಬಿಸಿ ಎಂಜಿನ್ ಅರ್ಧ ರೋಗ ಮುಚ್ಚಿಡುತ್ತದೆ. ಚಾಚಾ ಬಾನೆಟ್ ಎತ್ತಿ ಬೆಲ್ಟಿನ ಕಡೆ ಕಿವಿ ಕೊಟ್ಟರು. ಈ ಗಾಡಿಗಳಲ್ಲಿ ಎಂಜಿನ್ನನ್ನು ಮತ್ತೆ ಚಾಲೂ ಮಾಡುವುದೂ, ಕರೆಂಟು ಹುಟ್ಟಿಸುವುದೂ ಬೆಲ್ಟಿಗೆ ಕಟ್ಟಿದ ಒಂದೇ ಮೋಟಾರು. ಅಲ್ಲಿ ಕಿರ್ ಎಂಬ ಸಪ್ಪಳ ಇದ್ದರೆ ಖರ್ಚು ಕಾದಿದೆ ಎಂದರ್ಥ.

ಆಮೇಲೆ ಹುಲಕೋಟಿ ತನಕ ಓಡಿಸಿದೆವು. ಎಂಜಿನ್ ಬಿಸಿಯಾದ ಮೇಲೆ ರಸ್ತೆ ಬದಿಗೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟೆವು. ಎಂಜಿನ್ ತಾನೇ ಬಂದ್ ಆಗಬೇಕು. ಆಗಲಿಲ್ಲ. ಎಸಿ ಬಂದ್ ಮಾಡಿ ಮತ್ತೆ ನೋಡಿದೆವು, ಆಗಲಿಲ್ಲ. ಮೇಷ್ಟ್ರು ಮುಚ್ಚಿಡಲಿಲ್ಲ: "ಒಂದು ವರ್ಷದಿಂದ ಹಿಂಗ ಐತಿ. ಗಾಡಿ ಓಡತೈತಲ್ಲ ಅಂತ ನಾನೂ ಬಿಟ್ಟೆ" ಅಂದರು. ಇದಕ್ಕೆ ಬಹಳ ಸಲ ಕಾರಣ ಬ್ಯಾಟರಿ ಸೊರಗಿರುವುದು. ಈ ಗಾಡಿಗಳಲ್ಲಿ ಎರಡು ಬ್ಯಾಟರಿ. ಬಾನೆಟ್ಟಿನ ಕೆಳಗೆ ಮಾಮೂಲಿಯದು ಒಂದು, ಮುಂದಿನ ಎಡ ಸೀಟಿನ ಕೆಳಗೆ ಸಣ್ಣ ಲಿಥಿಯಂ ಬ್ಯಾಟರಿ ಇನ್ನೊಂದು. ಯಾವುದು ಕೆಟ್ಟಿದೆ ಎಂಬುದರ ಮೇಲೆ ಖರ್ಚಿನ ಲೆಕ್ಕ ನಿಂತಿರುತ್ತದೆ.

ಮೇಷ್ಟ್ರೇ ಗಾಡಿಯನ್ನು ಸರ್ವಿಸ್ ಸೆಂಟರಿಗೆ ತಂದರು. ಅಲ್ಲಿ ಕಂಪ್ಯೂಟರ್ ಹಚ್ಚಿ ನೋಡಿದರು. ಲಿಥಿಯಂ ಬ್ಯಾಟರಿ ಗಟ್ಟಿ ಇತ್ತು, ಮಾಮೂಲಿ ಬ್ಯಾಟರಿ ಮುಗಿದಿತ್ತು. ಇದೇ ಹೊತ್ತಿಗೆ ಹಳೇ ಸರ್ವಿಸ್ ದಾಖಲೆಯನ್ನೂ ನೋಡಿದೆವು. ಪ್ರತಿ ಸರ್ವಿಸಿನಲ್ಲಿ ಬರೆದ ಕಿಲೋಮೀಟರ್ ಏರುತ್ತಾ ಬಂದಿತ್ತು, ಎಲ್ಲೂ ಹಿಂದೆ ಸರಿದಿರಲಿಲ್ಲ. ಮೀಟರ್ ತಿರುಗಿಸಿದ್ದನ್ನು ಹಿಡಿಯಲು ಇದಕ್ಕಿಂತ ನೆಚ್ಚಿಗೆಯ ದಾರಿ ಇಲ್ಲ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ, 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೀಟರ್ 20 ಸಾವಿರ ತೋರಿಸಿ, ಗಾಡಿಗಿಂತ ಟೈರ್ ಮೂರು ವರ್ಷ ಹೊಸದಿದ್ದರೆ ಯಾಕೆಂದು ಕೇಳಿ. ಸ್ಟೀರಿಂಗ್ ನುಣ್ಣಗೆ ಸವೆದು, ಪೆಡಲಿನ ರಬ್ಬರ್ ಹರಿದಿದ್ದರೂ ಕೇಳಿ.

ಬ್ಯಾಟರಿಯ ಖರ್ಚು, ಮುಂದಿನ ಎರಡು ಟೈರಿನ ಖರ್ಚು ಕಳೆದು ಏಳು ಲಕ್ಷದ ಎಂಬತ್ತು ಸಾವಿರಕ್ಕೆ ಮಾತು ಮುಗಿಯಿತು. ಪರೀಕ್ಷೆ ಮಾಡಿಸಿದ ಬಿಲ್ಲು ಎರಡು ಸಾವಿರದೊಳಗೆ. ಅದರಿಂದ ಉಳಿದದ್ದು ಮೂವತ್ತು ಸಾವಿರ.

ನೀವು ಸ್ಟ್ರಾಂಗ್ ಹೈಬ್ರಿಡ್ಡೇ ಕೊಳ್ಳುವುದಾದರೆ ಇಷ್ಟು ನೋಡಿ. ಅರ್ಧ ತಾಸು ಓಡಿಸುವಾಗ ಪರದೆ ಮೇಲಿನ ಬ್ಯಾಟರಿ ಗೆರೆಗಳ ಮೇಲೆ ಕಣ್ಣಿಡಿ. ಭರ್ರನೆ ತುಂಬಿ ಭರ್ರನೆ ಇಳಿಯುತ್ತಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ಹಿಂದಿನಿಂದ ಫ್ಯಾನಿನ ಸಪ್ಪಳ ಜೋರಾಗಿ ಬರುತ್ತಲೇ ಇದ್ದರೆ ಬ್ಯಾಟರಿ ಕಾದಿದೆ. ಬಹಳ ಹೈಬ್ರಿಡ್‌ಗಳಲ್ಲಿ ಬ್ಯಾಟರಿ ಉಸಿರಾಡಲು ಹಿಂದಿನ ಸೀಟಿನ ಹತ್ತಿರ ಸಣ್ಣ ಜಾಳಿಗೆ ಇರುತ್ತದೆ. ನಮ್ಮ ಕಡೆ ಸುಗ್ಗಿಯಲ್ಲಿ ಕಡ್ಲಿ ಹೊಟ್ಟು, ಮೆಣಸಿನಕಾಯಿ ಧೂಳು, ಎರಿ ಮಣ್ಣು ಎಲ್ಲ ಗಾಡಿಯೊಳಗೇ ಬರುತ್ತವೆ. ಜಾಳಿಗೆ ಕಟ್ಟಿಕೊಂಡರೆ, ಇಲ್ಲವೆ ನಾವು ಅದರ ಮುಂದೆ ಗೊಬ್ಬರದ ಚೀಲ ಇಟ್ಟರೆ, ಏಪ್ರಿಲ್ ಬಿಸಿಲಿನಲ್ಲಿ ಬ್ಯಾಟರಿ ಉಸಿರುಗಟ್ಟುತ್ತದೆ. ಕಂಪನಿಯಲ್ಲಿ ಹೈಬ್ರಿಡ್ ಬ್ಯಾಟರಿ ಪರೀಕ್ಷೆ ಮಾಡಿಸಿ, ಕಾಗದದ ಮೇಲೆ ವರದಿ ತೆಗೆದುಕೊಳ್ಳಿ. ವಾರಂಟಿ ಎಷ್ಟು ಉಳಿದಿದೆ, ಹೊಸ ಮಾಲೀಕರಿಗೆ ಅದು ಸಲ್ಲುತ್ತದೆಯೇ ಎಂದು ಚಾಸಿ ನಂಬರ್ ಕೊಟ್ಟು ಕೇಳಿ. ತಿಂಗಳುಗಟ್ಟಲೆ ಓಡದೆ ನಿಂತ ಹೈಬ್ರಿಡ್ ಬೇಡ; ಕಡಿಮೆ ಕಿಲೋಮೀಟರ್ ಅನ್ನುವುದು ಯಾವಾಗಲೂ ಗುಣವಲ್ಲ.

ಇನ್ನು ಕಾಗದ. ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕರು, ಸಾಲ ಇದೆಯೇ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ಎಂಬುದು ಕಾಣುತ್ತದೆ. ದಂಡ ಬಾಕಿ ಇದೆಯೇ ಎಂದೂ ನೋಡಿ. ಏಳು ಸೀಟಿನ ಗಾಡಿಗಳಲ್ಲಿ ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದವು ಇರುತ್ತವೆ, ಅದನ್ನೂ ವಿಚಾರಿಸಿ. ಮಾಲೀಕತ್ವ ಬದಲಿಸಲು ಫಾರ್ಮ್ 29 ಮತ್ತು 30. ಹಳೇ ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35. ಬೇರೆ ರಾಜ್ಯದ ಗಾಡಿಯಾದರೆ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಅಗ್ಗಕ್ಕೆ ಸಿಕ್ಕಿತು ಅನ್ನುವ ಖುಷಿ ಅಲ್ಲೇ ಕರಗುತ್ತದೆ.

ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ನಮ್ಮ ಹೆಸರಿಗೆ ಮಾಡಿಸಲು 14 ದಿನ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಮಗೆ ಬರುವುದಿಲ್ಲ, ಅದು ಗಾಡಿಯದಲ್ಲ, ಮನುಷ್ಯನದು. 'ಆರ್‌ಸಿ ಆಮೇಲೆ ಮಾಡಿಸಿದ್ರಾತು' ಎಂದು ಬಿಡುವುದು ನಮ್ಮ ಕಡೆ ರೂಢಿ. ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಮಾರುವವರಿಗೆ ಇದು ಇನ್ನೂ ಮುಖ್ಯ. ನಮ್ಮ ಮೇಷ್ಟ್ರಿಗೆ ಇದು ಗೊತ್ತಿತ್ತು. ಅವರೇ ಆರ್‌ಟಿಒಗೆ ಬಂದು ನಿಂತು ಸಹಿ ಮಾಡಿದರು.

ಸಾಲ ಸಹಕಾರ ಸಂಘದಲ್ಲಿ ಆಯಿತು. ನಮ್ಮ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ರೈತರು ತಮ್ಮದೇ ಸಹಕಾರ ಸಂಘ ಕಟ್ಟಿದರು, ಸಾಹುಕಾರರ ಬಡ್ಡಿಯಿಂದ ಪಾರಾಗಲು. ನೂರು ವರ್ಷದ ಮೇಲೆ ಅದೇ ತಾಲ್ಲೂಕಿನ ನಾವು ಕಾರಿಗೆ ಸಾಲ ಬರೆದೆವು. ಕಾಕಾ ಜಾಮೀನಿಗೆ ಸಹಿ ಹಾಕುವಾಗ, "ಲೆಕ್ಕಕ್ಕ ಬರಂಗಿಲ್ಲ, ಆದ್ರೂ ಹಾಕ್ತೀನಿ" ಅಂದ.

ಗಾಡಿ ಬಂದು ಈಗ ಎಂಟು ತಿಂಗಳು. ಹೊಸ ಬ್ಯಾಟರಿ ಹಾಕಿದ ಮೇಲೆ ಗದಗಿನ ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಬಂದ್ ಆಗುತ್ತದೆ. ಮೊದಲ ಸಲ ಹಾಗಾದಾಗ ಅವ್ವ ಹೆದರಿ, "ಕೆಟ್ಟು ನಿಂತಿತೇನೋ?" ಅಂದಳು. ಮೈಲೇಜ್ 16, 17 ಬರುತ್ತದೆ. ವಿಡಿಯೋದ 28 ಬರುವುದಿಲ್ಲ, ಬರುತ್ತದೆಂದು ನಾವು ಕೊಂಡೂ ಇಲ್ಲ. ಸೀಟಿನ ಕೆಳಗೆ ಬ್ಯಾಟರಿ ಇರುವುದರಿಂದ ಗಾಡಿಯ ಒಳಗೆ ಪೈಪ್ ಹಿಡಿದು ತೊಳೆಯುವುದನ್ನು ಅಣ್ಣನಿಗೆ ಬಿಡಿಸಿದ್ದೇವೆ, ಒದ್ದೆ ಅರಿವೆಯಲ್ಲಿ ಒರೆಸುತ್ತಾನೆ. ಯಾರಾದರೂ ಬಾಡಿಗೆಗೆ ಕೇಳಿದರೆ ಇಲ್ಲ ಅನ್ನುತ್ತೇವೆ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿಸಿ ಏನಾದರೂ ಆದರೆ ಇನ್ಶೂರೆನ್ಸ್ ಕೈ ಕೊಡುತ್ತದೆ. ಆದರೆ ರಾತ್ರಿ ಯಾರದಾದರೂ ಮನೆಯಲ್ಲಿ ಹೆರಿಗೆ ಬೇನೆ, ಎದೆನೋವು ಎಂದರೆ ರೊಕ್ಕ ಕೇಳದೆ ಚಾವಿ ತೆಗೆಯುತ್ತೇವೆ. ಇಲ್ಲಿಯ ತನಕ ಮೂರು ಸಲ ಹೋಗಿದ್ದೇವೆ. ಮೊದಲನೇ ಸಲ ಹೋದದ್ದು ಉಳ್ಳಾಗಡ್ಡಿ ಗಾಡಿ ಕೊಟ್ಟ ಬಾಜೂ ಮನೆಯವರಿಗಾಗಿ.

ಅವ್ವನ ಕಿಮೋ ಮುಗಿದಿದೆ. ಈಗ ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರಬೇಕು. ಬರುವಾಗ ನಡುವಿನ ಸೀಟಿನಲ್ಲಿ ಅದೇ ಕೌದಿ ಹೊದ್ದು ನಿದ್ದೆ ಮಾಡುತ್ತಾಳೆ.

ಅಪ್ಪನಿಗೆ ಮಾತ್ರ ಒಂದು ಚಟ ಹತ್ತಿದೆ. ಊರಲ್ಲಿ ಯಾರು ಹಳೇ ಗಾಡಿ ತಂದರೂ ನೋಡಲು ಹೋಗುತ್ತಾನೆ. ಬಣ್ಣ ನೋಡುವುದಿಲ್ಲ, ಮೀಟರ್ ನೋಡುವುದಿಲ್ಲ. ಸೀದಾ ಒಳಗೆ ಕುಂತು ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯುತ್ತಾನೆ.